ಕಲ್ ಕಾ ಪಾನಿ

ಹೊಟ್ಟೆಯಲ್ಲಿ ಮಾತು ನಿಲ್ಲದವರು ಸಿಂಧನೂರಿನಲ್ಲಿ ಎರಡೇ ಕೆಲಸಕ್ಕೆ ಲಾಯಕ್ಕು ಎಂದು ನಮ್ಮ ಮನೆಯವರು ಆಗಾಗ ಹೇಳುತ್ತಾರೆ. ಒಂದು ಹೆಂಗಸರ ಬಟ್ಟೆ ಹೊಲಿಯುವುದು, ಇನ್ನೊಂದು ನಗರಸಭೆಯಲ್ಲಿ ಕೂಡುವುದು. ನಾನು ಎರಡನ್ನೂ ಮಾಡಿದವಳು, ಆದ್ದರಿಂದ ಅವರ ಮಾತಿಗೆ ಎದುರಾಡುವ ಹಕ್ಕು ನನಗಿಲ್ಲ. ಹದಿನೈದು ವರ್ಷ ನಮ್ಮ ಓಣಿಯ ಜಂಪರ್‌ಗಳನ್ನು ಹೊಲಿದೆ. ಆಮೇಲೆ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಎಲ್ಲರ ಮನೆಯ ಒಳಗು ಹೊರಗು ಬಲ್ಲವಳು ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ನಿಲ್ಲಿಸಿದರು, ಗೆಲ್ಲಿಸಿದರು. ಎದುರು ನಿಂತವರು ರಸ್ತೆ ಕೊಡುತ್ತೇವೆ, ದೀಪ ಕೊಡುತ್ತೇವೆ ಎಂದರು. ಕೈಯಲ್ಲಿಲ್ಲದ್ದನ್ನು ಕೊಡುತ್ತೇನೆ ಎನ್ನಲು ನನಗೆ ಹೆದರಿಕೆ. ಹಾಗಾಗಿ 'ವಾರ್ಡಿನ ಸುದ್ದಿ ಮೊದಲು ವಾರ್ಡಿಗೆ' ಎಂದಷ್ಟೇ ಹೇಳಿದೆ. ಸುದ್ದಿ ಕೊಡಲು ಟೆಂಡರ್ ಕರೆಯಬೇಕಾಗಿಲ್ಲವಲ್ಲ!

ಗೆದ್ದ ವಾರದಲ್ಲೇ ವಾರ್ಡಿನ ವಾಟ್ಸಾಪ್ ಗುಂಪು ಕಟ್ಟಿದೆ. ಅದರಲ್ಲಿ ನೀರು ಬರುವ ಹೊತ್ತು, ಕಸದ ಗಾಡಿ ಬರುವ ದಿನ, ಕರೆಂಟು ಹೋಗುವ ಗಳಿಗೆ ಎಲ್ಲವನ್ನೂ ಹಾಕುತ್ತೇನೆ. ಜನ ಅದರ ಮೇಲೆ ಗುಲಾಬಿ ಹೂವಿನ ಚಿತ್ರ ಹಾಕಿ ಶುಭೋದಯ ಹೇಳುತ್ತಾರೆ. ಕಾಮಗಾರಿ ಏನಾಯಿತು ಎಂದು ಯಾರಾದರೂ ಕೇಳಿದರೆ ಮೊದಮೊದಲು ನನಗೆ ಗೊತ್ತಿದ್ದಷ್ಟನ್ನು ನೆಟ್ಟಗೆ ಹೇಳುತ್ತಿದ್ದೆ. ಕಚೇರಿಯಲ್ಲಿ ಹಿರಿಯ ಗುಮಾಸ್ತರೊಬ್ಬರು ಕರೆದು ಬುದ್ಧಿ ಹೇಳಿದರು: "ಅಷ್ಟೆಲ್ಲಾ ಬಿಡಿಸಿ ಹೇಳಬಾರದ್ರೀ ಮೇಡಂ. 'ಪರಿಶೀಲನೆಯಲ್ಲಿದೆ' ಅಂತ ಹಾಕಿಬಿಡ್ರಿ. ಯಾರೂ ಮುಂದ ಕೇಳಂಗಿಲ್ಲ." ನಾನು ಒಪ್ಪಲಿಲ್ಲ. ಆ ಮಾತು ಇನ್ನೆಲ್ಲೋ ಕೇಳಿದಂತಿದೆಯಲ್ಲ ಎಂದು ಬಹಳ ಹೊತ್ತು ಯೋಚಿಸಿದೆ.

ಕೇಳಿದ್ದು ಲಿಂಗಸುಗೂರಿನಲ್ಲಿ. ನನ್ನ ತವರು ಮಸ್ಕಿಯಾದರೂ ಹೊಲಿಗೆ ಕಲಿತದ್ದು ಲಿಂಗಸುಗೂರಿನ ನಮ್ಮ ಸೋದರತ್ತೆಯ ಹತ್ತಿರ. ಅಳತೆಗಿಂತ ಮೊದಲು ಅವರು ಕಲಿಸಿದ ಪಾಠ ಇದು: ಗಿರಾಕಿಗೆ 'ಆಗೂದಿಲ್ಲ' ಅನ್ನಬೇಡ, 'ನಾಳೆ' ಅನ್ನು. ಸಿಂಧನೂರಿಗೆ ಮದುವೆಯಾಗಿ ಬಂದ ಮೇಲೆ ಆ ಪಾಠವನ್ನು ದಖನಿ ಉರ್ದುವಿನಲ್ಲೂ ಕಲಿತೆ, ಏಕೆಂದರೆ ನಮ್ಮ ಓಣಿಯ ಅರ್ಧ ಮನೆಗಳಲ್ಲಿ ಅದೇ ಮಾತು. ಗಲಾ ಎಂದರೆ ಕೊರಳು, ಬಾಹ್ ಎಂದರೆ ತೋಳು, ನಕ್ಕೋ ಎಂದರೆ ಬೇಡ, ಕಲ್ ಎಂದರೆ ನಾಳೆ. ಈ ನಾಲ್ಕು ಮಾತಿನ ಬಂಡವಾಳದಲ್ಲಿ ಹದಿನೈದು ವರ್ಷ ವ್ಯಾಪಾರ ಮಾಡಿ, ನನಗೆ ದಖನಿ ಬರುತ್ತದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಓಣಿಗೆಲ್ಲ ಚಿಕ್ಕಮ್ಮನಾದ ಎದುರು ಮನೆಯ ರಾಬಿಯಾ ಖಾಲಾ ಮಾತ್ರ ನಗುತ್ತಿದ್ದರು. ಅವರೊಂದು ಹಸಿರು ಜಂಪರ್ ತುಂಡು ಚುನಾವಣೆಗಿಂತ ಮೊದಲಿನಿಂದ ನನ್ನ ಮಷಿನ್ನಿನ ಪಕ್ಕದ ಗಂಟಿನಲ್ಲಿದೆ.

ಹೋದ ಬೇಸಿಗೆಯ ಮಾತು. ಒಂದು ಮಂಗಳವಾರ ನಳದಲ್ಲಿ ನೀರು ರಾಡಿಯಾಗಿ ಬಂತು. ಎಲ್ಲರೂ ಫೋಟೋ ತೆಗೆದು ಗುಂಪಿಗೆ ಹಾಕಿದರು. ನಾನು ಕಚೇರಿಗೆ ಓಡಿದೆ. ಅದು ಕಾಲುವೆಯ ಮಣ್ಣು, ಸೋಸಿ ಕಾಸಿ ಕುಡಿದರೆ ಏನೂ ಆಗುವುದಿಲ್ಲ, ಆದರೂ ಟ್ಯಾಂಕ್ ತೊಳೆಸುತ್ತೇವೆ ಎಂದರು. ಬ್ಲೀಚಿಂಗ್ ಪುಡಿ ಹಾಕಿ ತೊಳೆದ ನೀರನ್ನು ಮುಂದಿನ ನೀರಿನ ದಿನವಾದ ಗುರುವಾರ, ಎಂದಿನಂತೆ ಸಂಜೆ ನಾಲ್ಕಕ್ಕೆ, ಪೈಪುಗಳಲ್ಲಿ ಹರಿಸುತ್ತಾರಂತೆ. ಅದನ್ನು ಬಚ್ಚಲಿಗೆ ಸುರಿಯಬೇಕೇ ಹೊರತು ಯಾರೂ ಬಾಯಿಗೆ ಹಾಕಬಾರದು. ಇಷ್ಟು ಮಹತ್ವದ ಸುದ್ದಿ ನನ್ನ ಕೈಗೆ ಬಂದದ್ದು ಅದೇ ಮೊದಲು. ಬುಧವಾರ ಸಂಜೆ ಗಂಟಲು ಸರಿಮಾಡಿಕೊಂಡು, ಓದಲು ಬಾರದವರಿಗೂ ತಿಳಿಯಲಿ ಎಂದು ಎರಡು ಧ್ವನಿ ಸಂದೇಶ ಕಳಿಸಿದೆ. ಮೊದಲನೆಯದು ಕನ್ನಡದಲ್ಲಿ. ಎರಡನೆಯದು, ಯಾರನ್ನೂ ಕೇಳದೆ, ನನ್ನ ಸ್ವಂತ ದಖನಿಯಲ್ಲಿ, ನಾಳೆಯ ನೀರು ಕುಡಿಯಬೇಡಿ ಎಂದು: "ಕಲ್ ಕಾ ಪಾನಿ ನಕ್ಕೋ ಪಿಯೋ."

"ಯಾರಿಗರ ಒಮ್ಮೆ ತೋರಿಸಿ ಕಳಸಬಾರದೇನು?" ಎಂದರು ನಮ್ಮ ಮನೆಯವರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಅವರು ಬ್ರೇಕ್ ನೋಡದೆ ಗಾಡಿ ಹೊರಗೆ ಬಿಡುವವರಲ್ಲ. "ಮೆಂಬರ್ ನಾನೋ ನೀವೋ?" ಎಂದು ನಾನು ರೇಗಿದೆ.

ಗುರುವಾರ ಮಧ್ಯಾಹ್ನ ಮೂರು ಗಂಟೆಯ ಮೇಲೆ ಬಾಗಿಲಲ್ಲಿ ನಿಂತವಳಿಗೆ ನಮ್ಮ ಗಟಾರ ತುಂಬಿ ಹರಿಯುವುದು ಕಾಣಿಸಿತು. ಬೇಸಿಗೆಯಲ್ಲಿ ನಮ್ಮ ಗಟಾರದಲ್ಲಿ ಸೊಳ್ಳೆ ಬಿಟ್ಟು ಬೇರೇನೂ ಇರುವುದಿಲ್ಲ. ಎಲ್ಲೋ ಪೈಪು ಒಡೆದಿದೆ, ಫೋಟೋ ತೆಗೆದು ಗುಂಪಿಗೆ ಹಾಕೋಣ ಎಂಬ ಉತ್ಸಾಹದಲ್ಲಿ ನೀರಿನ ಜಾಡು ಹಿಡಿದು ಹಿಂದಿನ ಓಣಿಗೆ ಹೋದೆ. ಅಲ್ಲಿ ಸಾಲಾಗಿ ಹೆಂಗಸರು ಕೊಡ, ಬಕೆಟ್ಟು, ಡ್ರಮ್ಮು ಬಗ್ಗಿಸಿ ನೀರು ಚೆಲ್ಲುತ್ತಿದ್ದರು.

"ಮೆಂಬರಮ್ಮಾ, ನೀವು ಹೇಳಿದಂಗ ಹನಿ ಬಿಡದಂಗ ಚೆಲ್ಲೀವಿ ನೋಡ್ರಿ" ಎಂದಳು ಒಬ್ಬಳು ಹೆಮ್ಮೆಯಿಂದ.

"ನಾನೇನ್ ಹೇಳಿದ್ದೆ?"

"ಕಲ್ ಕಾ ಪಾನಿ ನಕ್ಕೋ ಪಿಯೋ ಅಂದಿರಲ್ರೀ! ಮಂಗಳವಾರದ್ದು ರಾಡಿ ಇತ್ತಲ್ಲ, ಅದನ್ನ."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಕಲ್ ಎಂದರೆ ನಾಳೆ ಹೌದು, ಆದರೆ ನಿನ್ನೆಯೂ ಹೌದು. ಜಂಪರ್ ಕೇಳಲು ಬಂದವರು ಹದಿನೈದು ವರ್ಷ ನನ್ನ ಮುಖಕ್ಕೇ "ಕಲ್ ಭೀ ಕಲ್ ಬೋಲೇ" ಎಂದು ಬೈದಿದ್ದರು. ನಿನ್ನೆಯೂ ನಾಳೆ ಎಂದಿರಿ ಎಂದು ಅದರ ಅರ್ಥ. ಬೈಗುಳವನ್ನು ಕಿವಿಗೆ ಹಾಕಿಕೊಳ್ಳದವಳಿಗೆ ವ್ಯಾಕರಣ ಎಲ್ಲಿಂದ ಬರಬೇಕು? ನಾನು ಬುಧವಾರ ನಿಂತು 'ನಾಳೆಯ ನೀರು' ಎಂದೆ. ಅವರು ಬುಧವಾರ ಕೂತು 'ನಿನ್ನೆಯ ನೀರು' ಎಂದು ಕೇಳಿದರು. ನಿನ್ನೆಯದು ರಾಡಿ ಬೇರೆ ಇತ್ತು, ಅನುಮಾನಕ್ಕೆ ಜಾಗವೇ ಇರಲಿಲ್ಲ. ಕನ್ನಡದ ಸಂದೇಶವೂ ಇತ್ತಲ್ಲ ಎನ್ನಬೇಡಿ. ಒಬ್ಬ ಮೆಂಬರಿನ ಮಾತನ್ನು ಎರಡು ಸಲ ಕೇಳುವ ತಾಳ್ಮೆ ಯಾವ ಮತದಾರನಿಗೂ ಇರುವುದಿಲ್ಲ. ದಖನಿ ಮನೆಗಳವರು ತಮ್ಮ ಮಾತಿನದನ್ನಷ್ಟೇ ಒತ್ತಿ ಕೇಳಿ ಫೋನು ಕೆಳಗಿಟ್ಟಿದ್ದಾರೆ. ಇನ್ನು ಕನ್ನಡದ ಮನೆಗಳವರು ಯಾವುದನ್ನೂ ಕೇಳಿರಲಿಲ್ಲ. ಪಕ್ಕದವರು ಚೆಲ್ಲುವುದನ್ನು ನೋಡಿ ತಾವೂ ಚೆಲ್ಲಿದ್ದರು. ಎರಡೂವರೆ ವರ್ಷದಲ್ಲಿ ವಾರ್ಡು ಒಗ್ಗಟ್ಟಾಗಿ ನನ್ನ ಮಾತು ನಡೆಸಿಕೊಟ್ಟದ್ದು ಅಂದೊಂದೇ ದಿನ.

ಕುಡಿಯಬಹುದಾದ ನೀರು ಗಟಾರದಲ್ಲಿ ಹೋಗುತ್ತಿತ್ತು. ಖಾಲಿ ಕೊಡಗಳೆಲ್ಲ ನಳದ ಕೆಳಗೆ ಬಾಯಿ ತೆರೆದು ನಾಲ್ಕು ಗಂಟೆಯ ನೀರಿಗೆ ಕಾಯುತ್ತಿದ್ದವು. ನೆನಪಾದದ್ದು ರಾಬಿಯಾ ಖಾಲಾನ ಮೊಮ್ಮಗ. ಹುಟ್ಟಿ ನಲವತ್ತು ದಿನ ತುಂಬಿರಲಿಲ್ಲ. ತಾಯಿಯ ಹಾಲು ಸಾಲದೆ ಡಬ್ಬಿಯ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸುತ್ತಿದ್ದರು. "ಇವತ್ತಿನ ನೀರು ಹಿಡೀಬ್ಯಾಡ್ರಿ, ನಾ ತಪ್ಪು ಹೇಳೀನಿ" ಎಂದು ಅಲ್ಲಿದ್ದವರಿಗೆ ಕೂಗಿ, ನೀರು ಬಿಡುವ ಹನುಮಂತನಿಗೆ ಫೋನು ಮಾಡಿದೆ. ಅವನ ಫೋನು ಒಂದು ಭಕ್ತಿಗೀತೆಯನ್ನು ಪೂರ್ತಿ ಕೇಳಿಸಿತು, ಎತ್ತಲಿಲ್ಲ. ಮನೆಗೆ ಓಡಿ ಸ್ಕೂಟಿ ಹತ್ತಿ ಟ್ಯಾಂಕಿನ ಕಡೆ ಹೊಡೆದೆ.

ಹನುಮಂತ ಇಸ್ತ್ರಿ ಮಾಡಿದ ಅಂಗಿ ತೊಟ್ಟು ವಾಲ್ವಿನ ಗುಂಡಿಯಿಂದ ಮೇಲೆ ಬರುತ್ತಿದ್ದ.

"ಬಿಡಬ್ಯಾಡೋ ಹನುಮಂತ, ನಿಲ್ಲಸು!"

"ಬಿಟ್ಟೀನ್ರೀ ಅಕ್ಕಾರ. ತುರ್ವಿಹಾಳದಾಗ ಮದುವಿ ಐತಿ, ಬಸ್ಸು ತಪ್ತೈತಿ ಅಂತ ಹತ್ತು ನಿಮಿಷ ಮೊದಲ ಬಿಟ್ಟೆ."

"ಮುಚ್ಚು ಹಂಗಾರ!"

"ಮುಚ್ಚಿದ್ರ ಔಷಧ ನೀರು ಪೈಪಿನಾಗ ನಿಂತು ನಾಳಿಗಿ ಬರ್ತೈತಿ. ನಾಳಿಗಿ ಮತ್ತ ಹೇಳ್ತೀರೇನು?"

ನಾಳೆ ಎಂಬ ಶಬ್ದ ಕೇಳಿದರೇ ಅಳು ಬರುವಂತಾಗಿತ್ತು. ಓಣಿಯ ಕೊನೆ ಮುಟ್ಟಲು ನೀರಿಗೆ ಕಾಲು ಗಂಟೆ ಬೇಕು ಎಂದ. ಇರುವ ಕಾಲು ಗಂಟೆಯಲ್ಲಿ ಎಷ್ಟು ಬಾಗಿಲು ತಟ್ಟಲಾದೀತು? ಗುಂಪಿಗೆ ಹಾಕಿದರೆ ಮತ್ತೊಂದು ಗುಲಾಬಿ ಬಂದೀತು. ಸೀದಾ ಮಸೀದಿಯ ಗೇಟಿಗೆ ಹೋಗಿ ಮೌಜನ್ ಸಾಹೇಬರನ್ನು ಕೂಗಿದೆ. ಮೈಕಿನಲ್ಲಿ ಬಾಂಗ್ ಕೂಗುವ ಹಿರಿಯರು, ನಿಧಾನದ ಮನುಷ್ಯ. ಏದುಸಿರು ಬಿಡುತ್ತ ನಡೆದದ್ದನ್ನೆಲ್ಲ ಹೇಳಿದೆ.

"ನೀವು ಹೇಳಿದ್ದು ಏನಮ್ಮಾ? ಅದನ್ನ ಹೇಳ್ರಿ ಮೊದಲು."

"ಕಲ್ ಕಾ ಪಾನಿ ನಕ್ಕೋ ಪಿಯೋ ಅಂದೆ."

ಅವರು ಕಣ್ಣು ಮುಚ್ಚಿಕೊಂಡರು. "ಕಲ್ ಆತಾ ಸೋ ಪಾನಿ ಅಂದ್ರ ನಾಳಿ ಬರೋದು. ಕಲ್ ಆಯಾ ಸೋ ಅಂದ್ರ ನಿನ್ನಿ ಬಂದದ್ದು. ಬರೇ ಕಲ್ ಕಾ ಅಂದ್ರ ಆ ಅಲ್ಲಾನಽ ಬಲ್ಲ" ಎಂದು ಒಳಗೆ ಹೋದರು. ಮೈಕು ಕರಕರ ಎಂದಿತು. ಆಜ್ ಕಾ ಪಾನಿ, ಅಬ್ಬೀ ನಲ್ ಮೇ ಆರಾ ಸೋ ಪಾನಿ, ಕೋಯಿ ನಕ್ಕೋ ಪಿಯೋ ಎಂದು ಮೂರು ಸಲ ಹೇಳಿದರು. ಆಮೇಲೆ ಕನ್ನಡದಲ್ಲಿ: "ಈಗ ನಳದಾಗ ಬರಾಕತ್ತಿರೋ ನೀರಿನಾಗ ಔಷಧ ಐತಿ, ಯಾರೂ ಕುಡೀಬ್ಯಾಡ್ರಿ. ನಿನ್ನಿ ಮೆಂಬರಮ್ಮ ಹೇಳಿದ್ದು ತಪ್ಪೈತಿ." ನನ್ನ ವಾರ್ಡಿಗೆ ನನ್ನ ಬಗ್ಗೆ ಸ್ಪಷ್ಟವಾದ ಮಾಹಿತಿ ಎರಡೂ ಭಾಷೆಯಲ್ಲಿ ಸಿಕ್ಕಿತು.

ಅಷ್ಟಕ್ಕೆ ನಿಲ್ಲುವ ಧೈರ್ಯವಾಗಲಿಲ್ಲ. ರಾಬಿಯಾ ಖಾಲಾಗೆ ಕಿವಿ ಸ್ವಲ್ಪ ಮಂದ. ಅವರ ಅಂಗಳದಲ್ಲಿ ನಳ ಭೋರ್ಗರೆಯುತ್ತಿತ್ತು. ಚಪ್ಪಲಿ ಬಿಡದೆ ಅಡುಗೆಮನೆಗೆ ನುಗ್ಗಿದೆ. ಒಲೆಯ ಮೇಲಿನ ಪಾತ್ರೆಯಿಂದ ದವಾಖಾನೆಯ ವಾಸನೆ ಏಳುತ್ತಿತ್ತು. ಸೊಸೆ ಹಾಲಿನ ಬಾಟಲಿಯನ್ನು ಕೈಯಲ್ಲಿ ಹಿಡಿದು ಅಲುಗಾಡಿಸುತ್ತಿದ್ದಳು, ಕೂಸು ಹಸಿದು ಕಿರುಚುತ್ತಿತ್ತು, ಆ ಗದ್ದಲದಲ್ಲಿ ಮೈಕು ಅವಳಿಗೂ ಕೇಳಿಸಿರಲಿಲ್ಲ. ನಾನು ಬಾಟಲಿ ಕಸಿದು ಬಚ್ಚಲಿಗೆ ಸುರಿದೆ. ಸೊಸೆ ಬೆಚ್ಚಿ ಗೋಡೆಗೆ ಒರಗಿದಳು.

"ಕುಡಿಸೀಯೇನ ಯವ್ವಾ? ಒಂದು ಗುಟಕರ ಕುಡಿಸೀಯೇನ?"

"ಇಲ್ರೀ. ಬಿಸಿ ಐತಂತ ಆರಸಾಕತ್ತಿದ್ದೆ" ಎಂದಳು.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅತ್ತೆನೋ ನಕ್ಕೆನೋ ನನಗೆ ನೆನಪಿಲ್ಲ.

ಇನ್ನು ಕೂಸಿಗೆ ಹಾಲು ಕಲಸಲು ಓಣಿಯಲ್ಲೇ ಹನಿ ನೀರಿಲ್ಲ. ಮೊನ್ನಿದು ನಕ್ಕೋ ಅಂದ್ರಿ, ಇವತ್ತಿಂದು ನಕ್ಕೋ ಅಂದ್ರಿ, ಮತ್ತೇನು ನಿಮ್ಮ ಭಾಷಣ ಕುಡೀಬೇಕೇನು ಎಂದು ಬಾಗಿಲಲ್ಲಿ ಜನ ಸೇರಿದ್ದರು. ಮಂಗಳವಾರದ ನೀರು ತುಂಬಿದ ಕೊಡಗಳು ಉಳಿದಿದ್ದದ್ದು ಒಂದೇ ಮನೆಯಲ್ಲಿ. ನನ್ನ ಮಾತಿನ ಅರ್ಥ ಗೊತ್ತಿದ್ದವಳು ನಾನೊಬ್ಬಳೇ ಅಲ್ಲವೇ? ಎಲ್ಲವನ್ನೂ ಹೊತ್ತು ತಂದು ಚೊಂಬು ಚೊಂಬಾಗಿ ಹಂಚಿದೆ, ಮೊದಲನೆಯದು, ಸೋಸಿ ಕಾಸಿ, ಕೂಸಿಗೆ. ಕಚೇರಿಗೆ ಫೋನಿನ ಮೇಲೆ ಫೋನು ಮಾಡಿ ಕಾಡಿದ ಮೇಲೆ ಆರು ಗಂಟೆಗೆ ಟ್ಯಾಂಕರ್ ಬಂತು. ಡಿಪೋದಿಂದ ಬಂದ ನಮ್ಮ ಮನೆಯವರು ಖಾಲಿ ಕೊಡಗಳನ್ನು ನೋಡಿದರು, ನನ್ನ ಮುಖ ನೋಡಿದರು, ಸುಮ್ಮನೆ ಎರಡು ಕೊಡ ಎತ್ತಿಕೊಂಡು ಸಾಲಿನಲ್ಲಿ ಹೋಗಿ ನಿಂತರು. ಬೈದಿದ್ದರೇ ಚೆನ್ನಾಗಿತ್ತು.

ಕೂಸು ಹಾಲು ಕುಡಿದು ಮಲಗಿದ ಮೇಲೆ ರಾಬಿಯಾ ಖಾಲಾ ನನ್ನ ಪಕ್ಕ ಬಂದು ಕೂತರು. "ತಪ್ಪಾತು ಖಾಲಾ" ಎಂದೆ. "ಆದ್ರ ಒಂದು ಹೇಳ್ರಿ. ಕಲ್ ಅಂದ್ರ ಎರಡೂ ಆಗ್ತೈತಲ್ಲ. ನಾಳಿ ಇರಬೇಕು ಅಂತ ಒಬ್ಬರಿಗೂ ಅನಿಸಲಿಲ್ಲೇನು?"

"ಅನಸ್ತಿತ್ತು ಬೇಟಿ, ಬ್ಯಾರೆ ಯಾರರ ಅಂದಿದ್ರ" ಎಂದರು ಅವರು, ಬೇಸರವಿಲ್ಲದೆ. "ನೀ ಹದಿನೈದು ವರ್ಷ ಕಲ್ ಕಲ್ ಅಂದಿ. ನಿನ್ನ ಕಲ್ ಒಂದು ದಿನರ ಬಂದೈತೇನು? ಬರೋದಂತೂ ಅಲ್ಲ ಅಂತ ನಮಗ ಖಾತ್ರಿ ಇತ್ತು. ಹಂಗಾರ ಹೋದದ್ದಽ ಇರಬೇಕು ಅಂತ ತಿಳಕೊಂಡಿವಿ."

ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಆ ಮಾತು ಇವತ್ತಿಗೂ ಒಳಗೆ ಚುಚ್ಚುತ್ತದೆ. ಸುದ್ದಿ ಕೊಟ್ಟರೆ ಸಾಲದು, ಸುದ್ದಿ ಕೊಡುವವರ ಮಾತಿಗೆ ಹಿಂದೆ ಏನು ಬೆಲೆಯಿತ್ತೋ ಅದೇ ಬೆಲೆಗೆ ಸುದ್ದಿಯೂ ಹೋಗುತ್ತದೆ. ಅಂದಿನಿಂದ ನಮ್ಮ ಗುಂಪಿನಲ್ಲಿ ನಿನ್ನೆ, ನಾಳೆ, ಕಲ್ ಎಲ್ಲಕ್ಕೂ ನಿಷೇಧ. ವಾರದ ಹೆಸರು, ತಾರೀಕು, ಗಂಟೆ ಹಾಕುತ್ತೇನೆ. ದಖನಿಯದನ್ನು ರಾಬಿಯಾ ಖಾಲಾನ ಸೊಸೆ ಕೇಳಿ ಹೂಂ ಎಂದ ಮೇಲೆಯೇ ಕಳಿಸುತ್ತೇನೆ. ಜನ ಈಗ ಗುಲಾಬಿ ಹಾಕುವ ಮೊದಲು 'ಯಾವ ವಾರ?' ಎಂದು ಕೇಳುತ್ತಾರೆ. ವಾರ್ಡು ಸುಧಾರಿಸಿದೆ.

ಮೆಂಬರ್ ಸುಧಾರಿಸಿದ್ದಾಳೆಯೇ ಎಂಬುದು ಮೊನ್ನೆ ತಿಳಿಯಿತು. ರಾಬಿಯಾ ಖಾಲಾ ಗುಂಪಿನಲ್ಲೇ, ವಾರ್ಡಿನ ಸಮಸ್ತರ ಎದುರು ಕೇಳಿದರು: "ಬೇಟಿ, ನನ್ನ ಹಸರು ಜಂಪರ್ ಯಾವಾಗ ಕೊಡ್ತೀ?" ಬಾಯಿಗೆ ಬಂದ ಶಬ್ದವನ್ನು ನಾಲಿಗೆಯ ತುದಿಯಲ್ಲೇ ತಡೆದೆ. ವಾರ, ತಾರೀಕು ಹೇಳುವ ಧೈರ್ಯವೂ ಬರಲಿಲ್ಲ. ಬಹಳ ಯೋಚಿಸಿ ಟೈಪ್ ಮಾಡಿದೆ: 'ಪರಿಶೀಲನೆಯಲ್ಲಿದೆ.'

ಒಂದು ನಿಮಿಷ ಕಳೆದಿರಲಿಲ್ಲ, ಅವರ ಧ್ವನಿ ಬಂತು: "ಇದು ಯಾವ ಕಲ್ ಬೇಟಿ? ಹೋದದ್ದೋ, ಬರೋದೋ?"

ಫೋನು ಕೆಳಗಿಟ್ಟು ಎದ್ದು ಹೋಗಿ ಮಷಿನ್ನಿಗೆ ಹೊದಿಸಿದ್ದ ಬಟ್ಟೆ ತೆಗೆದೆ.