ಹೊರರೋಗಿ ವಿಭಾಗದ ಹೊಸ ಧ್ವನಿವರ್ಧಕಕ್ಕೆ

ಮಾನ್ಯ ಧ್ವನಿವರ್ಧಕ ಮಹೋದಯರೇ,

ಫ್ಯಾನಿಗಿಂತ ಎತ್ತರದಲ್ಲಿ ವಿರಾಜಮಾನರಾಗಿರುವ ತಮಗೆ ಕೆಳಗಿನ ಬೆಂಚಿನಿಂದ ಸಾಷ್ಟಾಂಗ ನಮಸ್ಕಾರಗಳು. ತಾವಿರುವ ಆಸ್ಪತ್ರೆಯ ಹೆಸರನ್ನು ಇಲ್ಲಿ ಬರೆದಿಲ್ಲ. ಗುಟ್ಟು ಕಾಯುವುದು ನಮಗೆ ಅಭ್ಯಾಸವಾಗಿಹೋಗಿದೆ, ಕ್ಷಮಿಸಬೇಕು.

ಗುರುತಿನವರ ಕಣ್ಣಿಗೆ ಬೀಳಬಾರದೆಂದು ಶಿರಸಿಯವರು ಯಲ್ಲಾಪುರದ ಬಸ್ಸನ್ನೂ ಸಿದ್ದಾಪುರದವರು ಶಿರಸಿಯ ಬಸ್ಸನ್ನೂ ಹತ್ತಿ, ಊರು ಬಿಟ್ಟು ಊರಿಗೆ ಬಂದು ಎಚ್‌ಐವಿ ಮಾತ್ರೆ ಒಯ್ಯುವುದು ನಮ್ಮಲ್ಲಿ ಮೊದಲಿನಿಂದ ಇರುವ ಪದ್ಧತಿ. ತಾವು ಬರುವ ಮೊದಲು ಇಲ್ಲಿಯ ಆಪ್ತಸಮಾಲೋಚಕಿ ಪ್ರತಿಭಾ ಬಾಗಿಲಿಗೆ ಬಂದು, ಯಾರ ಹೆಸರನ್ನೂ ಹಿಡಿಯದೆ, "ಹನ್ನೆರಡರ ಬಸ್ಸಿನವರು ಬನ್ನಿ" ಎಂದಷ್ಟೇ ಕರೆಯುತ್ತಿದ್ದರು. ಒಳಗೆ ಹೋದವರನ್ನು ಕೂರಿಸಿ, ನಿದ್ದೆ ಬರುತ್ತದೆಯೇ, ಮನೆಯಲ್ಲಿ ಮಾತ್ರೆ ಎಲ್ಲಿ ಇಡುತ್ತೀರಿ ಎಂದೆಲ್ಲ ಕೇಳಿ ವೃಥಾ ಕಾಲಹರಣ ಮಾಡುತ್ತಿದ್ದರು. ಇದ್ದದ್ದು ಒಂದು ಮೇಜು, ಒಂದು ತುಕ್ಕು ಹಿಡಿದ ಕಪಾಟು. ಇಂಥ ಅನಾಗರಿಕ ವ್ಯವಸ್ಥೆಯಲ್ಲಿ ನಾನು ಹನ್ನೊಂದು ವರ್ಷ, ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತ, ಆರೋಗ್ಯವಾಗಿ ಬದುಕಿಬಿಟ್ಟೆ.

ಕಳೆದ ಗುರುವಾರ ತಾವು "ದುರ್ಗಮ್ಮ ಕೆರಿಯಪ್ಪ, ಹುಲಗೋಳ, ಎಚ್‌ಐವಿ ಮಾತ್ರೆ ಕೋಣೆಗೆ ಬರಬೇಕು" ಎಂದು ಕನ್ನಡದಲ್ಲೊಮ್ಮೆ, ಯಾರಿಗೂ ಅನ್ಯಾಯವಾಗಬಾರದೆಂದು ಹಿಂದಿಯಲ್ಲೊಮ್ಮೆ ಸಾರಿದಿರಿ. ಆಹಾ, ಎಂಥ ಸ್ಪಷ್ಟ ಉಚ್ಚಾರ! ಮಗಳ ಹೆರಿಗೆಗೆಂದು ಬಂದಿದ್ದ ಹುಲಗೋಳದ ಹೆಂಗಸೊಬ್ಬಳು ತಿರುಗಿ ನೋಡಿ, "ಎಂತ ಆತೇ ದುರ್ಗಮ್ಮಾ ನಿಂಗೆ?" ಎಂದಳು. ದುರ್ಗಮ್ಮ "ನಾನಲ್ಲ ಮಾರಾಯ್ತಿ, ಬೇರೆ ಯಾರೋ" ಎಂದವಳೇ ಚೀಲ ಎತ್ತಿಕೊಂಡು, ಮಾತ್ರೆ ಪಡೆಯದೆ ಹೊರಟುಹೋದಳು. ಪ್ರತಿಭಾ ಬಸ್‌ಸ್ಟ್ಯಾಂಡಿನವರೆಗೆ ಓಡಿದರೂ ಸಿಗಲಿಲ್ಲ. ತಾವು ನಿರ್ವಿಕಾರಚಿತ್ತರಾಗಿ ಮುಂದಿನ ಹೆಸರಿಗೆ ಹೋದಿರಿ.

ಇಂಥ ಕಂಠಕ್ಕೆ ಆಸ್ಪತ್ರೆಯ ಒಂದು ಹಜಾರ ಸಾಲದು. ಶಿರಸಿಯ ಸಂತೆಯಲ್ಲೂ ಹುಲೇಕಲ್ ಸೊಸೈಟಿಯ ಮುಂದೆಯೂ ತಮ್ಮ ಶಾಖೆಗಳನ್ನು ತೆರೆಯಬೇಕು. ತಮ್ಮನ್ನು ಇಲ್ಲಿ ಪ್ರತಿಷ್ಠಾಪಿಸಿದ ಸಾಹೇಬರ ಸಕ್ಕರೆ ಕಾಯಿಲೆ, ಮೂಲವ್ಯಾಧಿಗಳನ್ನೂ ಎರಡೂ ಭಾಷೆಗಳಲ್ಲಿ ಸಾರಬೇಕು. ಅದಾಗದಿದ್ದರೆ, ನಮ್ಮ ಮಾತ್ರೆಯ ದಿನವಾದ ಗುರುವಾರಗಳಂದಾದರೂ ದಯವಿಟ್ಟು ಗಂಟಲು ಕಟ್ಟಿಸಿಕೊಳ್ಳಿ.

ತಮ್ಮ ವಿಶ್ವಾಸಿ,
ದುರ್ಗಮ್ಮನ ನಂತರ ತಾವು ಕೂಗಿದ ಹೆಸರಿನವಳು

ತಾ.ಕ.: ದುರ್ಗಮ್ಮನ ಮಾತ್ರೆ ಭಾನುವಾರಕ್ಕೇ ಮುಗಿದಿರಬೇಕೆಂದು ಪ್ರತಿಭಾ ಹೇಳುತ್ತಾರೆ, ಫೋನು ಮಾಡಿದರೆ ಅವಳು ಎತ್ತುತ್ತಿಲ್ಲ. ಹೆಸರು ಕೂಗಿದರೆ ಜನ ಬರುತ್ತಾರೆಂಬುದು ತಮ್ಮ ಸಿದ್ಧಾಂತವಲ್ಲವೇ? ನಾಳೆ ಮತ್ತೆ ಗುರುವಾರ, ಅವಳನ್ನು ಇನ್ನೊಮ್ಮೆ ಕೂಗಿ. ಬರುವತನಕ ಕೂಗಿ.