ನಾನು ನೋಡದ ಚೆಂಡುಗಳು

ಮನುಷ್ಯನಿಗೆ ಕೀರ್ತಿ ಬಂದ ಗಳಿಗೆಯಲ್ಲಿ ಅವನ ಕಣ್ಣು ಯಾವ ಕಡೆಗಿತ್ತು ಎಂದು ಯಾರೂ ವಿಚಾರಿಸುವುದಿಲ್ಲ. ನಿಜಾಮರ ಸರಕಾರದಲ್ಲಿ ಕೋಳಿ ಕಳವಾದರೂ ತಹಕೀಕಾತು ನಡೆಯುತ್ತಿತ್ತು. ಕೀರ್ತಿ ಬಂದರೆ ಮಾತ್ರ ಇಲ್ಲ. ನಡೆದಿದ್ದರೆ ನಾನು ಮಕ್ತಲದ ತಹಸೀಲ್ ಕಚೇರಿಯಲ್ಲಿ ಕಡತಗಳಿಗೆ ದಾರ ಕಟ್ಟುವ ಗುಮಾಸ್ತನಾಗಿಯೇ ಉಳಿಯುತ್ತಿದ್ದೆ. ನಡೆಯಲಿಲ್ಲವಾಗಿ, ಫುಟ್‌ಬಾಲ್ ಕಲಿಸುವ ಉಸ್ತಾದನೂ ಆದೆ.

ನಾರಾಯಣಪೇಟೆಯಲ್ಲಿ ಓದುತ್ತಿದ್ದಾಗ ನನ್ನನ್ನು ಗೋಲಿನಲ್ಲಿ ನಿಲ್ಲಿಸಿದ್ದಕ್ಕೆ ಕಾರಣ ಒಂದೇ: ಓಡಿದರೆ ನನಗೆ ದಮ್ಮು ಹತ್ತುತ್ತಿತ್ತು. ಎರಡು ಬಿದಿರು ನೆಟ್ಟು, ಮೇಲೊಂದು ಹಗ್ಗ ಕಟ್ಟಿ, ನಡುವೆ ನನ್ನನ್ನು ಇಟ್ಟಿದ್ದರು. ಬಿದಿರಿಗೂ ನನಗೂ ಹೆಚ್ಚು ಭೇದವಿರಲಿಲ್ಲ. ಗದ್ವಾಲದವರೊಂದಿಗೆ ಆಟ. ಕೊನೆಗೆ ಅವರಿಗೊಂದು ಪೆನಾಲ್ಟಿ ಸಿಕ್ಕಿತು. ಒದೆಯಲು ಬಂದವನ ತೊಡೆ ಎತ್ತಿನ ತೊಡೆಯಂತಿತ್ತು. ಎಲ್ಲರೂ ನನ್ನನ್ನು ನೋಡುತ್ತಿದ್ದರು. ನಾನು ಅವನ ಬೆನ್ನ ಹಿಂದಿನ ರಸ್ತೆಯನ್ನು ನೋಡುತ್ತಿದ್ದೆ, ಏಕೆಂದರೆ ಅಲ್ಲಿ ತಾಲೂಕದಾರ ಸಾಹೇಬರ ಮೋಟಾರು ಬರುತ್ತಿತ್ತು. ತಾಲೂಕದಾರರೆಂದರೆ ಜಿಲ್ಲೆಗೇ ಯಜಮಾನರು. ಅವರು ಕಂಡರೆ ಸೊಂಟದಿಂದ ಬಗ್ಗಿ, ಕೈಯನ್ನು ಮೊಣಕಾಲಿನಿಂದ ಹಣೆಯವರೆಗೆ ಎತ್ತಿ ಸಲಾಮು ಮಾಡಬೇಕು. ಮಾಡಿದೆ. ಕೈ ಅರ್ಧ ದಾರಿಗೆ ಬಂದಾಗ ಅದಕ್ಕೆ ಯಾರೋ ದೊಣ್ಣೆಯಿಂದ ಹೊಡೆದಂತಾಯಿತು. ತಲೆಯೆತ್ತಿ ನೋಡಿದರೆ ಚೆಂಡು ಹಗ್ಗದ ಮೇಲಿಂದ ಹಾರಿ ಜೋಳದ ಹೊಲದಲ್ಲಿ ಬಿದ್ದಿತ್ತು. ನಾನು ನಾಲ್ವರ ಹೆಗಲ ಮೇಲಿದ್ದೆ.

ಒದ್ದವನಿಗೆ ಒಬ್ಬಳು ತಂಗಿ ಇದ್ದಳು. ಇಂಥ ಕೈಯವನು ಸಿಗುವುದಿಲ್ಲವೆಂದು ಅವರಪ್ಪ ಅವಳನ್ನು ನನಗೆ ಕೊಟ್ಟರು. ಆಕೆ ಮಾತ್ರ ಮೊದಲ ವರ್ಷದಲ್ಲೇ ಅನುಮಾನಿಸಿದಳು. "ನಮ್ಮಣ್ಣ ಒದ್ದ ಚೆಂಡು ತಡದ ಕೈ ಅಂತ ನನ್ನ ಕೊಟ್ರು. ಆ ಕೈಲೆ ಒಂದು ಕೊಡ ನೀರು ಎತ್ತಿದ್ದು ನಾ ಇನ್ನೂ ಕಂಡಿಲ್ರಿ" ಎಂದಳು. ನಾನು ಕೆಮ್ಮಿದೆ. ಕೆಮ್ಮು ಸಂಸಾರದಲ್ಲಿ ಬಹಳ ಉಪಯೋಗಕ್ಕೆ ಬರುವ ಉತ್ತರ.

ಮುಂದೆ ಮಕ್ತಲದ ಕಚೇರಿಯವರು ಒಂದು ತಂಡ ಕಟ್ಟಿದಾಗ, ಗೋಲು ಕಾಯುವವನಿಗೆ ಕಲಿಸುವ ಭಾರ ಸಹಜವಾಗಿ ನನ್ನ ಮೇಲೆ ಬಿತ್ತು. ಕಾಯುವವನು ನಮ್ಮ ಚಪರಾಸಿ ಮೈಲಾರಪ್ಪ, ಕುರುಬರ ಮನೆಯ ಗಟ್ಟಿ ಆಳು. ಅವನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಹುಕುಮಿನ ಮೇಲೆ ತಾಲೂಕದಾರ ಸಾಹೇಬರ ಸಹಿಯೊಂದು ಬೀಳಬೇಕಿತ್ತು. ಗದ್ವಾಲದಲ್ಲಿ ನಡೆಯುವ ಆಟ ನೋಡಲು ಅದೇ ಸಾಹೇಬರು ಬರುವವರಿದ್ದರು.

"ಉಸ್ತಾದ್‌ರೀ, ನಾರಾಯಣಪೇಟ್ಯಾಗ ಆ ಚೆಂಡು ಹೆಂಗ ತಡದ್ರಿ? ಅದೊಂದು ಕಲಿಸಿಬಿಡ್ರಿ, ಸಾಕು" ಎಂದ ಮೈಲಾರಪ್ಪ.

ನನಗೂ ಅದೇ ಕುತೂಹಲ. ಬರುವ ಚೆಂಡು ಕೈಗೆ ಸಿಗುವುದು ಹೇಗೆ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಕಂಡವರನ್ನೆಲ್ಲ ಕೇಳಲು ಉಸ್ತಾದನ ಮರ್ಯಾದೆ ಅಡ್ಡ ಬರುತ್ತದೆ. ಕೊನೆಗೆ ನನಗೆ ಗೊತ್ತಿದ್ದುದನ್ನೇ ಕಲಿಸಿದೆ. ಸೊಂಟದಿಂದ ಬಗ್ಗು, ಕೈ ಮೊಣಕಾಲಿಗೆ ತಾ, ಹಣೆಗೆ ಎತ್ತು. ದಿನಕ್ಕೆ ನೂರು ಸಲ.

"ಇದು ಸಲಾಮು ಆತಲ್ರೀ."

"ಸಲಾಮಲ್ಲ, ಕಸರತ್ತು."

"ಕಚೇರ್ಯಾಗ ದಿನಾ ಮಾಡೂದು ಇದೇರೀ. ಸಂಜಿಕೂ ಬಂದು ಇದನ್ನ ಮಾಡಬೇಕಂದ್ರ, ಚೆಂಡು ಯಾವಾಗ ಹಿಡೀಲಿ?"

ನಾನು ಅವನಿಗೂ ಕೆಮ್ಮಿದೆ.

ಆಟದ ದಿನ ಹರಗೋಲಿನಲ್ಲಿ ಕೃಷ್ಣೆಯನ್ನು ದಾಟುವಾಗ ಅವನಿಗೆ ಕೊನೆಯ ಪಾಠ ಹೇಳಿದೆ: "ಮೈಲಾರಪ್ಪ, ಗೋಲಾದ್ರ ಆಗಲಿ. ಸಾಹೇಬರಿಗೆ ಸಲಾಮು ಮಾತ್ರ ತಪ್ಪಬಾರದು. ನಿನ್ನ ಅನ್ನ ಅವರ ಕಲಮಿನ ತುದ್ಯಾಗೈತಿ." ಅವನು ನೀರನ್ನೇ ನೋಡುತ್ತ, "ಹೂಂರೀ" ಎಂದ.

ನಾವು ಒಂದು ಗೋಲು ಮುಂದಿದ್ದೆವು. ಇನ್ನೇನು ಸೀಟಿ ಊದಬೇಕು, ಗದ್ವಾಲದವನೊಬ್ಬ ಚೆಂಡನ್ನು ಬೀಸಿ ಒದ್ದ. ಅದೇ ಕ್ಷಣಕ್ಕೆ ಸಾಹೇಬರಿಗೆ ಕುಳಿತು ಬೇಸರವಾಗಿರಬೇಕು, ಕುರ್ಚಿ ಬಿಟ್ಟು ಎದ್ದರು. ಇಡೀ ಮೈದಾನ ಜೋಳದ ತೆನೆಯಂತೆ ಬಾಗಿತು. ಎಲ್ಲರಿಗಿಂತ ಕೆಳಗೆ ಬಾಗಿದವನು ನಾನು. ಧಪ್ಪೆಂಬ ಸದ್ದೊಂದು ಕೇಳಿತು. ತಲೆಯೆತ್ತಿದರೆ ಮೈಲಾರಪ್ಪ ನೆಲದ ಮೇಲೆ ಬಿದ್ದಿದ್ದ. ತಪ್ಪಿಸಿಕೊಂಡ ಮರಿಯನ್ನು ಅವುಚಿದಂತೆ ಚೆಂಡನ್ನು ಎದೆಗೆ ಅವುಚಿದ್ದ. ಮೈದಾನದಲ್ಲಿ ಸಲಾಮು ಮಾಡದವನು ಅವನೊಬ್ಬನೇ.

ಸಾಹೇಬರು ಅವನನ್ನು ಕರೆಸಿದರು. ಹುಕುಮು, ಸಹಿ, ಅವನ ಅನ್ನ ಎಲ್ಲ ಕೃಷ್ಣೆಯ ಪಾಲಾದವೆಂದುಕೊಂಡೆ.

"ಸಲಾಮು ಯಾಕೆ ಮಾಡಲಿಲ್ಲ?"

"ಕೈ ಖಾಲಿ ಇರಲಿಲ್ರಿ ಹುಜೂರ್" ಎಂದ ಮೈಲಾರಪ್ಪ. ಚೆಂಡನ್ನು ಮೆಲ್ಲಗೆ ಕೆಳಗಿಟ್ಟ. "ಈಗ ಖಾಲಿ ಅದಾವ್ರಿ" ಎಂದು ಬಗ್ಗಿ ಒಂದು ಸಲಾಮು ಮಾಡಿದ, ನೂರರ ಅಭ್ಯಾಸವಿದ್ದ ಸಲಾಮು, ಅಂಥದ್ದು ಗದ್ವಾಲದ ಅರಮನೆಯಲ್ಲೂ ನಡೆದಿರಲಿಕ್ಕಿಲ್ಲ.

ಸಾಹೇಬರ ಮೀಸೆ ಒಂದು ಕಡೆ ಅಲುಗಿತು. ಸಿಟ್ಟೋ ನಗುವೋ ತಿಳಿಯಲಿಲ್ಲ. "ಇವನಿಗೆ ಕಲಿಸಿದವರು ಯಾರು?"

ಶಿಕ್ಷೆ ಬರುವುದೋ ಇನಾಮು ಬರುವುದೋ ಗೊತ್ತಿಲ್ಲದಾಗ ಬುದ್ಧಿವಂತನು ಎರಡಕ್ಕೂ ಒಪ್ಪುವ ಉತ್ತರ ಕೊಡಬೇಕು. "ಹುಜೂರ್, ಸಲಾಮು ನಾನು ಕಲಿಸಿದ್ದು. ಚೆಂಡು ಹಿಡಿಯೂದು ಅವನ ಸ್ವಂತದ್ದು" ಎಂದೆ. ಫುಟ್‌ಬಾಲಿಗೆ ಸಂಬಂಧಪಟ್ಟಂತೆ ನಾನು ಆಡಿದ ಮೊದಲ ಸತ್ಯ ಅದು. ಎಲ್ಲರೂ ಅದನ್ನು ವಿನಯವೆಂದುಕೊಂಡರು. ವಾರದೊಳಗೆ ಮೈಲಾರಪ್ಪನ ಹುಕುಮಿಗೆ ಸಹಿ ಬಿತ್ತು. ನನ್ನ ಉಸ್ತಾದಗಿರಿ ಇನ್ನಷ್ಟು ಗಟ್ಟಿಯಾಯಿತು.

ಆದರೆ ನನ್ನ ಕುತೂಹಲ ಹಾಗೇ ಉಳಿಯಿತು. ಎರಡು ದೊಡ್ಡ ಚೆಂಡುಗಳು ನಿಂತಾಗಲೂ ನಾನು ಸ್ಥಳದಲ್ಲಿದ್ದೆ, ಎರಡನ್ನೂ ನೋಡಲಿಲ್ಲ. ಒಂದು ದಿನ ಮೈಲಾರಪ್ಪ ಕಾಯಂ ಆದ ಸಂತೋಷಕ್ಕೆ ತೆಂಗಿನಕಾಯಿ ಹಿಡಿದು ಮನೆಗೆ ಬಂದಾಗ ಗುಟ್ಟಾಗಿ ಹೇಳಿದೆ: "ಚೆಂಡು ತಗೊಂಡು ಅಂಗಳದಾಗ ನಿಂತು ನನ್ನ ಕಡೆ ಒಂದು ಸಲ ಒದಿ. ಹೆಂಗ ಬರ್ತೈತಿ ನೋಡೇ ಬಿಡ್ತೀನಿ." ಬಾಗಿಲಿಗೆ ಬೆನ್ನು ಮಾಡಿ, ಕಣ್ಣು ಅಗಲಿಸಿ ನಿಂತೆ. ಅವನು ಚೆಂಡು ಇಟ್ಟ. ಉಸ್ತಾದನ ಮೇಲೆ ಒದೆಯುವುದೆಂದರೇನು? ಮೊದಲು ಭಕ್ತಿಯಿಂದ ಒಂದು ಸಲಾಮು ಮಾಡಿ, ಆಮೇಲೆ ಒದ್ದ.

ಸಲಾಮಿಗೆ ಮರುಸಲಾಮು ಮಾಡದಿರಲು ನಾನೇನು ತಾಲೂಕದಾರನೇ? ಬಗ್ಗಿದೆ.

ಕಿವಿಯ ಪಕ್ಕ ಗಾಳಿ ಹಾದುಹೋಯಿತು. ಹಿಂದೆ ತಿರುಗಿದರೆ, ಬಾಗಿಲಲ್ಲಿ ನನ್ನ ಹೆಂಡತಿ ಒಂದು ಕೈಯಲ್ಲಿ ಮೊರ ಹಿಡಿದು, ಇನ್ನೊಂದು ಕೈಯಿಂದ ಚೆಂಡನ್ನು ಸೊಂಟಕ್ಕೆ ಅವುಚಿಕೊಂಡು ನಿಂತಿದ್ದಳು. ಮೊರದಲ್ಲಿದ್ದ ಶೇಂಗಾ ಒಂದೂ ಚೆಲ್ಲಿರಲಿಲ್ಲ.

"ಅದನ್ನ ಹೆಂಗ ಹಿಡದಿ?" ಎಂದು ಬಾಯಿಬಿಟ್ಟು ಕೇಳಿದೆ.

"ಬರೂದು ಕಾಣ್ತು, ಹಿಡದೆ. ಅದರಾಗ ಏನೈತ್ರಿ?"

ನನ್ನ ಕೈ ಇನ್ನೂ ಹಣೆಯ ಮೇಲೇ ಇತ್ತು. ಇಳಿಸಲು ಬೇರೆ ಜಾಗ ತೋಚಲಿಲ್ಲ.