ಯಮನೂರಸಾಬನ ನಾಳೆ

ಬೆಟಗೇರಿಯ ಗಾದಿ ಯಮನೂರಸಾಬನಿಗೆ ವಯಸ್ಸು ಐವತ್ತು ದಾಟಿದರೂ ಒಂದು ಶಬ್ದ ಮಾತ್ರ ನಾಲಿಗೆಗೆ ಹತ್ತಿರಲಿಲ್ಲ. (ಹತ್ತಿಯವನಿಗೆ ಹತ್ತದೆ ಉಳಿದದ್ದು ಅದೊಂದೇ.) ಆ ಶಬ್ದ 'ಇಲ್ಲ'. ಅರಳೆ ಹಿಂಜುವ ಬಿಲ್ಲನ್ನು ಮೊಮ್ಮಗನ ಕೈಗೆ ಕೊಡುವಾಗಲೇ ಅವನ ಅಜ್ಜ ಉಪದೇಶ ಮಾಡಿದ್ದ: "ಅಂಗಡ್ಯಾಗ ಕುಂತು ಇಲ್ಲ ಅನಬ್ಯಾಡಲೇ. ಇಲ್ಲ ಅಂದ ಮನ್ಯಾಗ ಬರಕತ್ ನಿಲ್ಲೂದಿಲ್ಲ."

ಅಂಗಡಿ ಮುಂದೆ, ಮನೆ ಹಿಂದೆ. ನಡುವೆ ಒಂದು ಪರದೆ. ಹೀಗಾಗಿ ಅಜ್ಜನ ಕಾನೂನು ಅಡುಗೆ ಮನೆಗೂ ನುಗ್ಗಿತ್ತು. ಅಲ್ಲಿ ಉಪ್ಪು ತೀರಿದರೆ 'ಹೆಚ್ಚೇತಿ' ಎನ್ನಬೇಕು, ಜೋಳ ತೀರಿದರೂ 'ಹೆಚ್ಚೇತಿ' ಎನ್ನಬೇಕು. (ಹೆಂಡತಿ ಮೋತಿಬಿಯ ಡಬ್ಬಿಗಳೆಲ್ಲ ಹೆಚ್ಚಿ ಹೆಚ್ಚಿ ತಳ ಕಂಡಿದ್ದವು.) ಇನ್ನು ಅಂಗಡಿಯಲ್ಲಿ 'ಇಲ್ಲ'ದ ಜಾಗದಲ್ಲಿ ಯಮನೂರಸಾಬ ಕೂಡಿಸಿದ್ದು 'ನಾಳೆ'ಯನ್ನು. ಕೈಗಡ ಕೇಳಲು ಬಂದವನಿಗೆ ನಾಳೆ, ಚಂದಾ ಎತ್ತಲು ಬಂದವನಿಗೆ ನಾಳೆ. ಬಂದವರು ಒಮ್ಮೆ 'ನಾಳೆ' ಕೇಳಿಸಿಕೊಂಡು ಧೋತರ ಝಾಡಿಸಿಕೊಂಡು ಎದ್ದು ಹೋಗುತ್ತಿದ್ದರು. ಮಾನಸ್ಥನೊಬ್ಬ ಮಾನಸ್ಥನಿಗೆ ಬಾಗಿಲು ಹಾಕುವ ಮೆತ್ತಗಿನ ರೀತಿ ಅದು ಎಂದು ಊರಿಗೆಲ್ಲ ಗೊತ್ತಿತ್ತು. ಎದ್ದು ಹೋಗಲಾರದೆ ಸಿಕ್ಕಿಬಿದ್ದವನೆಂದರೆ ಕಣಗಿನಹಾಳದ ಪುಂಡಲೀಕಪ್ಪ ಒಬ್ಬನೇ. ಅವನು ಹೊಸ ಗಾದಿಗೆಂದು ತನ್ನ ಹೊಲದ ಹತ್ತಿಯನ್ನೇ ತಂದು ಕೊಟ್ಟು ಕೈ ಸುಟ್ಟುಕೊಂಡಿದ್ದ.

"ಸಾಬ್ರ, ನಾಳೆ ಅಂದ್ರ ಯಾವ ನಾಳೆರಿ? ಹೋದ ವರ್ಸದ್ದೋ, ಈ ವರ್ಸದ್ದೋ?"

"ಕುಂಡ್ರಿ ಪುಂಡಲೀಕಪ್ಪ, ಚಾ ಕುಡೀರಿ. ನಾಳೆ ಅಂದ್ರ ನಾಳೆನ."

ಇಂಥವನ ಅಂಗಡಿಗೆ ಎಂಬತ್ತಾರನೆಯ ಇಸವಿಯಲ್ಲಿ ಟೆಲಿಫೋನು ಬಂತು. ಅರ್ಜಿ ಹಾಕಿದಾಗ ಗಾದಿಯ ವ್ಯಾಪಾರ ಜೋರಿತ್ತು. ಲಾಡ್ಜುಗಳವರು, ಮದುವೆ ಮನೆಯವರು ಬಾಗಿಲಲ್ಲಿ ನಿಲ್ಲುತ್ತಿದ್ದರು. ಅರ್ಜಿ ಹಣ್ಣಾಗಿ ಫೋನು ಬರುವಷ್ಟರಲ್ಲಿ ವ್ಯಾಪಾರ ಕಾಯಾಗಿ, ಒಣಗಿ, ಉದುರಿ ಹೋಗಿತ್ತು. ಆದರೂ ಮಗಳು ನಜಮಾ ಉಳಿದ ಅರಳೆಯಲ್ಲಿ ಅಂಗೈ ದಪ್ಪದ ಪುಟ್ಟ ಗಾದಿಯೊಂದನ್ನು ಹೊಲಿದು, ಕೆಂಪು ಮಖಮಲ್ಲಿನ ಗವಸಣಿಗೆ ಹಾಕಿ, ಫೋನನ್ನು ಅದರ ಮೇಲೆ ಕೂಡಿಸಿದಳು. ಆ ಮನೆಯಲ್ಲಿ ಗಾದಿಗೇರಿದ್ದು ಅದೊಂದೇ.

ಗಾದಿಗೇರಿದ ದೊರೆ ಮೂರನೆಯ ದಿನ ಬಾಯಿಬಿಟ್ಟ. ಯಮನೂರಸಾಬ ಕೈಯಲ್ಲಿದ್ದ ಬಿಲ್ಲನ್ನು ಕೆಳಗಿಡದೆಯೇ ರಿಸೀವರ್ ಎತ್ತಿದ.

"ನಮಸ್ಕಾರ ಮಾನ್ಯರೇ! ತಾವು ಇನ್ನೂ ಹಳೆಯ ಕಾಲದ ಹತ್ತಿಯ ಗಾದಿಯ ಮೇಲೆಯೇ ಪವಡಿಸುತ್ತಿದ್ದೀರಾ? ಹತ್ತಿ ಗಂಟು ಕಟ್ಟುತ್ತದೆ, ತಗಣಿಗಳಿಗೆ ತವರುಮನೆಯಾಗುತ್ತದೆ, ಬೆನ್ನನ್ನು ಬಿಲ್ಲಾಗಿಸುತ್ತದೆ! ಇಂದೇ ಬನ್ನಿ, ಸ್ಟೇಷನ್ ರಸ್ತೆಯ ಹಂಸಸುಖ ಫೋಮ್ ಭಂಡಾರಕ್ಕೆ..."

ಒಬ್ಬ ಹುಡುಗಿಯ ದನಿ. ಎದುರಿಗಿಟ್ಟ ಚೀಟಿಯನ್ನು ಉಸಿರು ಬಿಡದೆ ಓದುವ ದನಿ. ಹೊಸ ಅಂಗಡಿಯವರು ಟೆಲಿಫೋನ್ ಆಫೀಸಿನ ಪಟ್ಟಿ ಮುಂದಿಟ್ಟುಕೊಂಡು ಫೋನಿದ್ದವರಿಗೆಲ್ಲ ಸಾಲಾಗಿ ಫೋನು ಮಾಡಿಸುತ್ತಿದ್ದರು. ಪಟ್ಟಿಯಲ್ಲಿ ಹೆಸರಿತ್ತೇ ಹೊರತು ಕಸಬು ಇರಲಿಲ್ಲ.

"ಯವ್ವಾ, ನಾ ಪಿಂಜಾರ ಅದೇನಿ. ಗಾದಿ ಮಾಡೂದ ನನ್ನ..."

ಹುಡುಗಿ ತಡವರಿಸಿದಳು. ನಡುವೆ ಯಾರಾದರೂ ಮಾತಾಡಿದರೆ ಆಕೆಗೆ ಎಲ್ಲಿ ಬಿಟ್ಟೆನೆಂಬುದು ತಪ್ಪಿಹೋಗುತ್ತಿತ್ತು. ಆದ್ದರಿಂದ ಮತ್ತೆ ಮೊದಲಿನಿಂದ, "ನಮಸ್ಕಾರ ಮಾನ್ಯರೇ! ತಾವು ಇನ್ನೂ..."

ಯಮನೂರಸಾಬ ಇಡೀ ನಿಂದಾಸ್ತುತಿಯನ್ನು (ಸ್ತುತಿ ಫೋಮಿನದು, ನಿಂದೆ ತನ್ನದು) ನಿಂತು ಕೇಳಿದ. ಮಾತು ಮುಗಿಯುವ ಮೊದಲು ಫೋನಿಡುವುದೆಂದರೆ ಮನೆಗೆ ಬಂದವರ ಮುಖದ ಮೇಲೆ ಬಾಗಿಲು ಬಡಿದ ಹಾಗಲ್ಲವೆ? ಕೊನೆಗೆ ತನ್ನ ಮೆತ್ತಗಿನ ಬಾಗಿಲನ್ನು ಹಾಕಿದ: "ಆತವಾ, ನಾಳೆ ನೋಡೂಣು."

ಮರುದಿನ ಅದೇ ಹೊತ್ತಿಗೆ ಫೋನು ಬಡಿಯಿತು. "ನಮಸ್ಕಾರ ಮಾನ್ಯರೇ! ನಾಳೆ ನೋಡೋಣ ಎಂದಿದ್ದಿರಿ. ತಾವು ಇನ್ನೂ ಹಳೆಯ ಕಾಲದ ಹತ್ತಿಯ..."

ಆ ನಾಳೆ ಇನ್ನೊಂದು ನಾಳೆಯನ್ನು ಹಡೆಯಿತು, ಅದು ಮತ್ತೊಂದನ್ನು. ದೂರವಾಣಿ ಎಂದು ಬಂದದ್ದು ದೂರುವಾಣಿಯಾಗಿ, ದುರ್ವಾಣಿಯಾಗಿ ದಿನಾ ಹೊತ್ತೇರುವಾಗ ಅರಚತೊಡಗಿತು.

"ಅಲ್ರೀ," ಎಂದು ಮೋತಿಬಿ ಪರದೆಯಾಚೆಯಿಂದ ಸಿಡಿದಳು, "ಬ್ಯಾಡ ಅಂತ ಒಂದ ಮಾತ ಹೇಳಾಕ ಬಾಯಾಗೇನ ಅರಳಿ ತುರಕ್ಕೊಂಡೀರೇನು?"

"ಬರಕತ್ ಹೋಗತೈತಿ, ಮೋತಿ."

"ಇದ್ದರ ಹೋಗಲಿ! ಹೋಗಾಕರೆ ಏನೈತಿ ಮನ್ಯಾಗ?"

"ಹೆಚ್ಚೇತಿ ಅನ್ನು," ಎಂದು ಯಮನೂರಸಾಬ ತಿದ್ದಿದ.

ಫೋನಿನಿಂದ ಆದ ಉಪಕಾರವೇನು ಎಂದು ಕೇಳಿದರೆ ಹೇಳಲು ಒಂದೇ ಇತ್ತು. ಲಕ್ಷ್ಮೇಶ್ವರದ ಅರಳೆ ವ್ಯಾಪಾರಿ ರಹಮಾನಸಾಬರು, ಇವರದೇ ಪೈಕಿಯವರು, ಮಗನಿಗೆ ಹೆಣ್ಣು ಹುಡುಕುತ್ತಿದ್ದರು. ಅವರ ಅಂಗಡಿಯಲ್ಲೂ ಫೋನಿತ್ತು. ಫೋನಿದ್ದವರು ಫೋನಿದ್ದವರ ಮನೆಗೆ ಬಂದರು.

ನಜಮಾಳಿಗೆ ಇಪ್ಪತ್ತೇಳು ನಡೆಯುತ್ತಿತ್ತು. ಮಗಳಿಗೆ ಕೊಡುವ ಗಾದಿಯನ್ನು ತಂದೆಯೇ ಹಿಂಜಿ, ತುಂಬಿ, ಹೊಲಿದು ಕಳಿಸುವುದು ಆ ಮನೆತನದ ರೂಢಿ. ಯಮನೂರಸಾಬ ಹಿಂದೆ ಎರಡು ಸಲ ಹೊಲಿದಿದ್ದ. ಎರಡು ಸಲವೂ ಮಾತು ಮುರಿದು, ಆ ಗಾದಿಗಳ ಮೇಲೆ ಈಗ ಯಾರ್‍ಯಾರೋ ಮಲಗುತ್ತಿದ್ದರು. ಮೂರನೆಯದನ್ನು, ಸುಳ್ಳೇಕೆ, ಪುಂಡಲೀಕಪ್ಪನ ಹತ್ತಿಯಲ್ಲಿ ಸುರು ಮಾಡಿದ್ದ. ಇದೂ ಮುರಿದರೆ ನಾಲ್ಕನೆಯದನ್ನು ಹೊಲಿಯುವ ಧೈರ್ಯ ಅವನ ಸೂಜಿಗೆ ಇರಲಿಲ್ಲ.

ಬೀಗರಾಗುವವರು ಬಂದು ಕೂತರು. ಸಜ್ಜಕ ತಿಂದರು, ನಜಮಾಳನ್ನು ನೋಡಿದರು, ಆಕೆಯ ಹೊಲಿಗೆಯನ್ನು ಮುಟ್ಟಿ ನೋಡಿದರು. ಚಹಾದ ಬಶಿ ತುಟಿಗೆ ಹೋಗುವ ಹೊತ್ತಿಗೆ ಸರಿಯಾಗಿ ಗಾದಿಯ ಮೇಲಿನ ದೊರೆ ಒದರಿದ.

ಯಮನೂರಸಾಬ ಎತ್ತಿದ, ಕೇಳಿದ, "ಆತವಾ, ನಾಳೆ ಮಾಡು" ಎಂದ, ಇಟ್ಟ. ಬೀಗರ ಮುಂದೆ ತನಗೂ ಕರೆಗಳು ಬರುತ್ತವೆ ಎಂಬ ಹೆಮ್ಮೆ ಬೇರೆ. (ಕರೆಗಳೆಲ್ಲ ಖರೆ ಅಲ್ಲವೆಂದು ಅವರಿಗೇನು ಗೊತ್ತು?)

"ಯಾರ್ರಿ ಅದು?" ಎಂದರು ರಹಮಾನಸಾಬರು.

"ಏ, ಒಂದ ಫೋಮಿನ ಅಂಗಡಿ. ದಿನಾ ನಾಳೆ ಅಂತೀನಿ, ದಿನಾ ಮಾಡ್ತಾರ. ನಾಳೆ ಅಂದ್ರೇನಂತ ತಿಳೀವಲ್ದಲ್ರಿ ಜನಕ್ಕ! ಮಾನ ಇದ್ದವರಿಗೆ ಒಂದ ನಾಳೆ ಸಾಕಲ್ರಿ?"

ರಹಮಾನಸಾಬರು ತಲೆದೂಗಿ ನಕ್ಕರು. "ಖರೆ ಮಾತ ಹೇಳಿದ್ರಿ. ತಿಳದವರಿಗೆ ಒಂದ ಸಾಕು." ಎದ್ದು ಹೋಗುವಾಗ, "ಶುಕ್ರವಾರ ನಮಾಜ್ ಮುಗಿಸಿ ಫೋನ್ ಮಾಡ್ತೀನಿ," ಎಂದರು.

ಶುಕ್ರವಾರ ಯಮನೂರಸಾಬ ನಮಾಜು ಮುಗಿಸಿ ಗಡಬಡಿಸಿ ಬಂದು ಫೋನಿನ ಮುಂದೆ ಕೂತ. ಮೋತಿಬಿ ಪರದೆಯ ಒಂದು ಬದಿಗೆ ನಿಂತಳು, ನಜಮಾ ಇನ್ನೊಂದು ಬದಿಗೆ. ಹೊತ್ತೇರುವಾಗ ಬರುವ ಫೋಮಿನ ಕರೆ ಅಂದು ಯಾಕೋ ಇನ್ನೂ ಬಂದಿರಲಿಲ್ಲ. ಫೋನು ಬಡಿಯಿತು.

"ನಮಸ್ಕಾರ ಮಾನ್ಯರೇ!"

"ಯವ್ವಾ, ಇವತ್ತ ಬ್ಯಾ... ಇವತ್ತ ನಾಳೆ ಮಾಡವಾ! ಲೈನ್ ಬಿಡು, ಲಕ್ಷ್ಮೇಶ್ವರದಿಂದ ಟ್ರಂಕಾಲ್ ಬರೂದೈತಿ!"

ನಡುವೆ ಬಾಯಿ ಹಾಕಿದ್ದೇ ತಪ್ಪಾಯಿತು. ಹುಡುಗಿ ಮೊದಲಿನಿಂದ ಸುರು ಮಾಡಿದಳು. ಯಮನೂರಸಾಬ ಬೇಡಿಕೊಂಡ, ಆಕೆ ಮತ್ತೆ ಮೊದಲಿನಿಂದ. ತಗಣಿಗಳು ಮೂರು ಸಲ ತವರಿಗೆ ಹೋಗಿ ಬಂದವು.

"ಇಡ್ರಿ ಕೆಳಗ!" ಎಂದು ಮೋತಿಬಿ ಕಿರುಚಿದಳು. "ಅಲ್ಲಿ ನನ್ನ ಮಗಳ ನಸೀಬ ಲೈನಿನ್ಯಾಗ ನಿಂತೈತಿ!"

ಕೊನೆಗೆ ನಜಮಾ ಬಂದು, ತಂದೆಯ ಕೈಯಿಂದ ರಿಸೀವರ್ ತೆಗೆದುಕೊಂಡು, ಸಪ್ಪಳವಿಲ್ಲದೆ ಇಟ್ಟಳು. ಇಟ್ಟ ಗಳಿಗೆಗೇ ಅದು ಬಡಿಯಿತು. ಈ ಸಲ ಟ್ರಂಕಾಲ್.

"ಹಾಂ, ಸಲಾಮ್ರಿ ಯಮನೂರಸಾಬ್ರ. ಎಲ್ಲಾ ಚೊಲೊ. ಹುಡುಗಿ ಚೊಲೊ, ಮನಿ ಚೊಲೊ. ಮನ್ಯಾಗ ಹೆಂಗಸರು ಇನ್ನೂ ಮಾತಾಡಾಕತ್ತಾರ... ನಾಳೆ ತಿಳಸ್ತೀನ್ರಿ."

ಯಮನೂರಸಾಬ ಮುಖವರಳಿಸಿ ತಿರುಗಿದ. "ನಾಳೆ ತಿಳಸ್ತಾರಂತ!"

ನಜಮಾ ಒಳಗೆ ಹೋದಳು. ಬೀಗರು ಬಂದಾಗ ತೆಗೆದಿದ್ದ ಪಿಂಗಾಣಿ ಬಶಿಗಳನ್ನು ಹಳೆ ಪತ್ರಿಕೆಯಲ್ಲಿ ಸುತ್ತಿ ಮೇಲಿನ ಹಲಗೆಗೆ ಏರಿಸುವ ಸಪ್ಪಳ ಕೇಳಿಸಿತು.

"ನಾಳೆ ಅಂದ್ರೇನಂತ ಊರಿಗೆಲ್ಲ ಕಲಿಸಿದವರು ನೀವ," ಎಂದಳು ಮೋತಿಬಿ. ದನಿಯಲ್ಲಿ ಜಗಳವೇ ಇರಲಿಲ್ಲ. ಅದಕ್ಕೇ ಅವನಿಗೆ ಹೆದರಿಕೆಯಾಯಿತು.

"ಹುಚ್ಚಿ. ಅವರ ನಾಳೆ ಬ್ಯಾರೆ."

ಮರುದಿನ ಫೋನು ಬಡಿಯಿತು. ಫೋಮು. ಸಂಜೆಯವರೆಗೆ ಮತ್ತೇನೂ ಇಲ್ಲ. ಲೈನಿನದೇ ಏನೋ ತೊಡಕಿರಬೇಕು ಎಂದುಕೊಂಡು ಯಮನೂರಸಾಬ ತಾನೇ ಲಕ್ಷ್ಮೇಶ್ವರಕ್ಕೆ ಟ್ರಂಕಾಲ್ ಬುಕ್ ಮಾಡಿ, ಕಾದು ಕಾದು ಮಾತಾಡಿದ. ರಹಮಾನಸಾಬರು ಬಲು ಮೆತ್ತಗೆ ಹೇಳಿದರು: "ನಾಳೆ ತಿಳಸ್ತೀನಂತ ಹೇಳಿದ್ನೆಲ್ರಿ."

ಅದರ ಮರುದಿನವೂ ಮಾಡಿದ. ಮೋತಿಬಿ ಕೈ ಹಿಡಿದು ಎಳೆದಳು, "ಮಾನ ಕಳಕೊಳ್ಳಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದಳು. ಕೇಳಲಿಲ್ಲ. ಕೇಳುವುದು ಹೇಗೆ? ಪರದೆಯಾಚೆ ಮೂರನೆಯ ಗಾದಿ ಅರ್ಧ ಹೊಲಿಗೆಯಲ್ಲಿ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಮತ್ತೆ ನಾಳೆ. ಇಡೀ ವಾರ ಬೆಳಿಗ್ಗೆ ಹಂಸಸುಖದ ಹುಡುಗಿಗೆ ಈತ ನಾಳೆ ಎನ್ನುವುದು, ಸಂಜೆ ಈತನಿಗೆ ರಹಮಾನಸಾಬರು ನಾಳೆ ಎನ್ನುವುದು. ಒಂದೇ ನಾಳೆ ಎರಡು ಪಾಳಿಯಲ್ಲಿ ದುಡಿಯಿತು.

ಮುಂದಿನ ಗುರುವಾರ ಟ್ರಂಕಾಲ್ ಸಿಕ್ಕಿತು. ಆದರೆ ಆಚೆ ಕಡೆ ರಿಸೀವರನ್ನು ಎತ್ತಿದವರು 'ಬೆಟಗೇರಿ ಟ್ರಂಕಾಲ್' ಎಂಬುದನ್ನಷ್ಟೇ ಕೇಳಿ ಅದನ್ನು ಮೇಜಿನ ಮೇಲಿಟ್ಟು ರಹಮಾನಸಾಬರನ್ನು ಕರೆದರು. ಲೈನು ಅಂದು ಎಂದಿಲ್ಲದಷ್ಟು ಸ್ವಚ್ಛವಾಗಿತ್ತು.

"ಮತ್ತ ಆ ಗಾದಿಯಾವನ?" ಎಂದು ಹೆಂಗಸಿನ ದನಿ. "ನಾಳೆ ಅಂದ ಇಡ್ರಿ."

"ಎಷ್ಟ ಸಲ ಅನ್ನೂದು?" ಎಂದು ರಹಮಾನಸಾಬರ ದನಿ. "ಇಲ್ಲ ಅನ್ನಾಕ ನನಗ ಬಾಯಿ ಬರೂದಿಲ್ಲ. ಮಾನ ಇದ್ದವರಿಗೆ ಒಂದ ನಾಳೆ ಸಾಕಂತ ಅವನ ಹೇಳಿದ್ನಲ್ಲ! ಮನಷಾಗ ತಿಳೀಬ್ಯಾಡೇನು?"

ಯಮನೂರಸಾಬ, ಯಾರ ಮಾತೂ ಮುಗಿಯುವ ಮೊದಲು ಎಂದೂ ಫೋನಿಡದವನು, ಇಟ್ಟ.

ತಿರುಗಿ ನೋಡಿದರೆ ನಜಮಾ ನಿಂತಿದ್ದಳು. "ಅಪ್ಪಾ, ಇನ್ನ ಮಾಡಬ್ಯಾಡ್ರಿ," ಎಂದಳು. "ನನಗ ಶುಕ್ರವಾರನ ತಿಳದಿತ್ತು. ನಾನೂ ಇದ ಅಂಗಡ್ಯಾಗ ಬೆಳದಾಕಿ ಅಲ್ಲೇನು?"

ಇಬ್ಬರೂ ಕೂತು ಗಾದಿಯ ಉಳಿದರ್ಧವನ್ನು ಹೊಲಿದು ಮುಗಿಸಿದರು. ಆಕೆ ಒಂದು ತುದಿಯಿಂದ, ಅವನು ಇನ್ನೊಂದು ತುದಿಯಿಂದ. ನಡುವೆ ಎಲ್ಲೋ ಸೂಜಿಗಳು ಭೇಟಿಯಾದವು.

ಮರುದಿನ ಬೆಳಿಗ್ಗೆ ಕಣಗಿನಹಾಳದಿಂದ ಪುಂಡಲೀಕಪ್ಪ ಬಂದ. "ಸಾಬ್ರ, ಇವತ್ತ ನಾಳೆ ಅಂದ್ರಿ ಅಂದ್ರ ಇಲ್ಲೇ ಮಲಗತೀನಿ ನೋಡ್ರಿ!"

"ಒಯ್ರಿ," ಎಂದ ಯಮನೂರಸಾಬ.

ಪುಂಡಲೀಕಪ್ಪ ಗಾಬರಿಯಾದ. ಮೋತಿಬಿಯ ಕಡೆ ತಿರುಗಿ ಸಣ್ಣ ದನಿಯಲ್ಲಿ, "ಅಕ್ಕಾರ, ಸಾಬ್ರು ಆರಾಮ ಅದಾರೇನ್ರಿ?" ಎಂದು ಕೇಳಿದ. ಗಾದಿಯನ್ನು ಸುತ್ತಿ ತಲೆಯ ಮೇಲೆ ಹೊತ್ತು, ಎಲ್ಲಿ ತಿರುಗಿ ಕರೆಯುತ್ತಾರೋ ಎಂದು ಓಡುವ ಹೆಜ್ಜೆಯಲ್ಲಿ ಹೋದ. ಆ ಗಾದಿಯ ಅಂಚಿಗೆ ನಜಮಾ ಹಾಕಿದ ಹಸಿರು ದಾರದ ಬಳ್ಳಿ ಬೀದಿಯ ತಿರುವಿನವರೆಗೂ ಕಂಡಿತು.

ಆಗ ಫೋನು ಬಡಿಯಿತು.

"ನಮಸ್ಕಾರ ಮಾನ್ಯರೇ! ನಾಳೆ ಮಾಡು ಎಂದಿದ್ದಿರಿ. ತಾವು ಇನ್ನೂ ಹಳೆಯ ಕಾಲದ..."

ಯಮನೂರಸಾಬ ಕಣ್ಣು ಮುಚ್ಚಿಕೊಂಡ. ನಾಳೆ ಎನಿಸಿಕೊಳ್ಳುವುದು ಹೇಗಿರುತ್ತದೆಂದು ಅವನಿಗೆ ಈಗ ಗೊತ್ತಿತ್ತು.

"ಇಲ್ಲವಾ," ಎಂದ. "ಬ್ಯಾಡ. ನಮಗ ಬ್ಯಾಡ. ನಾಳೆನೂ ಬ್ಯಾಡ."

ಒಲೆಯ ಮುಂದೆ ಮೋತಿಬಿಯ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಮಾಳಿಗೆ ಕುಸಿಯಲಿಲ್ಲ. ಬರಕತ್ತು ಎದ್ದು ಹೋದ ಸಪ್ಪಳವೂ ಆಗಲಿಲ್ಲ. (ಅದು ಎಂದೋ ಹಿತ್ತಲ ಬಾಗಿಲಿನಿಂದ ಹೋಗಿದ್ದೀತು.)

ಫೋನಿನಲ್ಲಿ ಚೀಟಿಯಲ್ಲಿಲ್ಲದ ದನಿಯೊಂದು ಮಾತಾಡಿತು. "ಖರೇನ ಬ್ಯಾಡೇನ್ರಿ ಕಾಕಾ? ಭಾಳ ಉಪಕಾರ ಆತ್ರಿ. ಊರೆಲ್ಲ ನಾಳೆ ಅಂತೈತ್ರಿ. ನಾಳೆ ಅಂದವರಿಗೆ ಮತ್ತ ಮಾಡಬೇಕಂತ ಮಾಲಕರು ಹೇಳ್ಯಾರ್ರಿ. ಬಾಯಿ ಬಿಟ್ಟ ಇಲ್ಲ ಅಂದವರು ನೀವ ಒಬ್ರು. ಇನ್ನ ನಿಮಗ ಮಾಡೂದಿಲ್ರಿ."

"ನಿನ್ನ ಹೆಸರೇನವಾ?"

"ದುರಗವ್ವರಿ."

"ಇನ್ನ ಮಾಡೂದ ಇಲ್ಲ?" ಯಮನೂರಸಾಬ ಕೆಂಪು ಮಖಮಲ್ಲಿನ ಪುಟ್ಟ ಗಾದಿಯನ್ನು ನೋಡಿದ. ಲಕ್ಷ್ಮೇಶ್ವರದವರು ಮಾಡುವುದಿಲ್ಲ; ಲಾಡ್ಜಿನವರು ಮಾಡುವುದಿಲ್ಲ; ಈಗ ಇದೂ. ಪರದೆಯಾಚೆ ನಜಮಾ ಖಾಲಿ ಚಾಪೆಯ ಮೇಲಿನ ಅರಳೆಯ ಎಳೆಗಳನ್ನು ಆಯುತ್ತಿದ್ದಳು.

"ಇಲ್ರಿ ಕಾಕಾ. ಗಾದಿದ್ದ ಮುಗೀತ್ರಿ." ಹಾಳೆ ತಿರುವಿದ ಸಪ್ಪಳ. "ತಲಿದಿಂಬಿಂದ ಬ್ಯಾರೆ ಐತ್ರಿ... ನಮಸ್ಕಾರ ಮಾನ್ಯರೇ! ತಾವು ಇನ್ನೂ ಹಳೆಯ ಕಾಲದ ಹತ್ತಿಯ ತಲೆದಿಂಬಿನ ಮೇಲೆಯೇ ಪವಡಿಸುತ್ತಿದ್ದೀರಾ?"

ಯಮನೂರಸಾಬ ನಡುವೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿದ.

"ನಾಳೆ ಮಾಡವಾ, ದುರಗವ್ವಾ," ಎಂದ. ಸ್ವಲ್ಪ ತಡೆದು, "ಮರೀಬ್ಯಾಡ," ಎಂದ.